ಕರೆಂಟು ಹೋದಾಗ: ಬ್ಯಾಟರಿಯೋ, ಜನರೇಟರೋ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ಸಭೆ ಎಂದರೆ ಹಾರ ತುರಾಯಿ, ಸನ್ಮಾನ, ಹಿರಿಯರ ನೆನಪು ಇವೆಲ್ಲ ಇರಬೇಕಾದದ್ದೇ. ಬೆಳಿಗ್ಗೆಯಿಂದ ಅದೆಲ್ಲ ಚೆನ್ನಾಗಿ ನಡೆದಿದೆ. ಆದರೆ ನನಗೆ ಆಡಳಿತ ಮಂಡಳಿಯವರು ಕೊಟ್ಟ ವಿಷಯ ಲೆಕ್ಕಾಚಾರದ್ದು. ಊಟವಾದ ಮೇಲೆ ಲೆಕ್ಕ ಕೇಳುವುದು ಕಷ್ಟ ಎಂದು ನನಗೆ ಗೊತ್ತು. ಆದರೂ ಇದು ನಿಮ್ಮದೇ ದುಡ್ಡಿನ ವಿಷಯವಾದ್ದರಿಂದ ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಬೇಕೆಂದು ವಿನಂತಿಸುತ್ತೇನೆ.

ಸಂಘದ 15 ಕೆ.ವಿ.ಎ. ಡೀಸೆಲ್ ಜನರೇಟರಿಗೆ ವಯಸ್ಸಾಗಿದೆ. ಅದನ್ನು ತೆಗೆದು ಇನ್ನೂ ದೊಡ್ಡದೊಂದನ್ನು ತರಬೇಕೆಂದು ಕೆಲವರ ಅಭಿಪ್ರಾಯ. "ಈ ಕಾಲದಲ್ಲಿ ಜನರೇಟರ್ ಯಾಕೆ, ಬ್ಯಾಟರಿ ಹಾಕಿ, ಸದ್ದೂ ಇಲ್ಲ ಹೊಗೆಯೂ ಇಲ್ಲ" ಎಂದು ನಮ್ಮ ಹುಡುಗರ ವಾದ. ಎರಡು ಕಡೆಯವರೂ ಸಂಘದ ಹಿತವನ್ನೇ ಬಯಸುವವರು. ವಿಷಯ ಮುಂದಿನ ಸಾಮಾನ್ಯ ಸಭೆಗೆ ಬರಲಿದೆ. ಕೈ ಎತ್ತುವ ಮೊದಲು ಎಲ್ಲರಿಗೂ ಲೆಕ್ಕ ತಿಳಿದಿರಲಿ ಎಂಬುದಷ್ಟೇ ಈ ಮಾತಿನ ಉದ್ದೇಶ.

ಮೊದಲು ನಮ್ಮ ಕಡೆ ಕರೆಂಟು ಯಾಕೆ ಹೋಗುತ್ತದೆ ನೋಡೋಣ. ನಮ್ಮ ರಾಜ್ಯಕ್ಕೆ ವಿದ್ಯುತ್ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆಮೇಲೆ ಜೋಗ ಬಂತು, ಶರಾವತಿ ಬಂತು. ಮಲೆನಾಡಿನ ಮಳೆ ನೀರೇ ಊರೂರಿಗೆ ಬೆಳಕು ಕೊಟ್ಟಿತು. ಆದರೆ ಮಲೆನಾಡಿನ ಒಳಗೆ ಒಂದು ಮನೆಗೆ ತಂತಿ ಎಳೆಯಬೇಕಾದರೆ ಅದು ಕಾಡು, ತೋಟ, ಹಳ್ಳ, ಗುಡ್ಡ ಎಲ್ಲ ದಾಟಿ ಬರಬೇಕು. ಬಯಲುಸೀಮೆಯಲ್ಲಿ ಒಂದು ಲೈನಿಗೆ ನೂರು ಮನೆ ಇದ್ದರೆ ನಮ್ಮಲ್ಲಿ ಅಷ್ಟೇ ಉದ್ದದ ಲೈನಿಗೆ ಹತ್ತು ಮನೆ. ತೋಟದ ಸಿಲ್ವರ್ ಓಕಿನ ಒಂದು ಕೊಂಬೆ ಮುರಿದರೆ ಸಾಕು, ಅಲ್ಲಿಂದ ಆಚೆಗೆಲ್ಲ ಕತ್ತಲು. 2002ರಿಂದ ನಮ್ಮ ಜಿಲ್ಲೆಗೆ ಸರಬರಾಜು ಮಾಡುತ್ತಿರುವುದು ಮೆಸ್ಕಾಂ. ನಮ್ಮ ಹಿರಿಯರ ಬಾಯಲ್ಲಿ ಅದು ಈಗಲೂ ಕೆ.ಇ.ಬಿ.ಯೇ. ಹೆಸರು ಯಾವುದಾದರೂ ಇರಲಿ, ಸುರಿಯುವ ಮಳೆಯಲ್ಲಿ ಕಂಬ ಹತ್ತುವವನು ಲೈನ್‌ಮನ್. ಅವನ ವಿಷಯ ಮುಂದೆ ಹೇಳುತ್ತೇನೆ, ಮರೆಯುವುದಿಲ್ಲ.

ಕರೆಂಟು ಹೋಗುವುದರಲ್ಲೂ ಮೂರು ಬಗೆ ಇದೆ. ಅರ್ಧ ಗಂಟೆ, ಒಂದು ಗಂಟೆ ಹೋಗಿ ಬರುವುದು ಒಂದು. ಬೆಳಿಗ್ಗೆ ಹೋದದ್ದು ಸಂಜೆಗೋ ಮಾರನೇ ದಿನಕ್ಕೋ ಬರುವುದು ಎರಡನೆಯದು. ಮೂರನೆಯದೇ ಕಷ್ಟದ್ದು. ಪುಷ್ಯ, ಆಶ್ಲೇಷ ಮಳೆ ಹಿಡಿದಾಗ ಮೂರು ನಾಲ್ಕು ದಿನ, ಕೆಲವು ಮೂಲೆಗಳಲ್ಲಿ ವಾರಗಟ್ಟಲೆ ಕರೆಂಟು ಇರುವುದಿಲ್ಲ. ಜೊತೆಗೆ ರಸ್ತೆಯೂ ಇರುವುದಿಲ್ಲ. 2019ರ ಆಗಸ್ಟ್ ತಿಂಗಳು ಯಾರಿಗೂ ಮರೆತಿರಲಾರದು. ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದು ಮನೆ ತೋಟ ಕೊಚ್ಚಿಹೋದವು. ಚಾರ್ಮಾಡಿ ಘಾಟಿ ಮುಚ್ಚಿತು. ಕಳಸದಿಂದ ಹೊರನಾಡಿಗೆ ಹೋಗುವ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುವುದನ್ನು ಎಷ್ಟು ಮಳೆಗಾಲಗಳಲ್ಲಿ ನೋಡಿದ್ದೇವೆ! ಇಂಥ ಹೊತ್ತಿನಲ್ಲಿ ಕರೆಂಟಿಗೆ ಬದಲಿಯಾಗಿ ಏನನ್ನು ಇಟ್ಟುಕೊಂಡಿದ್ದೇವೆ ಎನ್ನುವುದಕ್ಕಿಂತ ಅದಕ್ಕೆ ಹಾಕಲು ಏನು ಉಳಿದಿದೆ ಎನ್ನುವುದೇ ಮುಖ್ಯವಾಗುತ್ತದೆ. ಜನರೇಟರಿಗೆ ಎಣ್ಣೆ ಬರುವ ದಾರಿ ಮುಚ್ಚಿದೆ, ಬ್ಯಾಟರಿ ತುಂಬುವ ಬಿಸಿಲೂ ಇಲ್ಲ. ಈ ಮೂರನೇ ಬಗೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ತೀರ್ಮಾನ ಮಾಡಬೇಕು.

ಇನ್ನು ನಮಗೆ ಕರೆಂಟು ಯಾವುದಕ್ಕೆ ಬೇಕು? ಸಂಘ ಶುರುವಾದ ಕಾಲದಲ್ಲಿ ಲೆಡ್ಜರ್ ಪುಸ್ತಕ, ಪೆನ್ನು, ತಕ್ಕಡಿ ಇದ್ದರೆ ಕಚೇರಿ ನಡೆಯುತ್ತಿತ್ತು. ಕರೆಂಟು ಹೋದರೆ ಕಿಟಕಿ ಹತ್ತಿರ ಮೇಜು ಎಳೆದುಕೊಂಡು ಬರೆಯುತ್ತಿದ್ದರು. ಈಗ ಹಾಗಿಲ್ಲ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸಾಲದ ಲೆಕ್ಕ, ಗೊಬ್ಬರದ ಬಿಲ್ಲು, ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರ, ಎಲೆಕ್ಟ್ರಾನಿಕ್ ತೂಕ, ಎಲ್ಲದಕ್ಕೂ ಕರೆಂಟು ಬೇಕು. ಕರೆಂಟು ಇಲ್ಲ ಅಂದ್ರೆ ಅಕ್ಕಿಗೆ ಬಂದ ತಾಯಿ ಮೂರು ಮೈಲಿ ನಡೆದುಕೊಂಡು ಬರಿಗೈಲಿ ವಾಪಸ್ಸು ಹೋಗಬೇಕು.

ಹಾಗೆಂದು ಇವಕ್ಕೆಲ್ಲ ತುಂಬಾ ಕರೆಂಟು ಬೇಕೆಂದು ತಿಳಿಯಬೇಡಿ. ನಮ್ಮ ಕಚೇರಿಯ ಲೆಕ್ಕ ಹಾಕಿದ್ದೇನೆ. ಎಲ್‌ಇಡಿ ಬಲ್ಬುಗಳು 40 ವ್ಯಾಟ್, ಎರಡು ಕಂಪ್ಯೂಟರು ಸೇರಿ 200 ವ್ಯಾಟ್, ತೂಕದ ಯಂತ್ರ, ಇಂಟರ್ನೆಟ್ ಪೆಟ್ಟಿಗೆ, ಕ್ಯಾಮರಾ, ಫೋನ್ ಚಾರ್ಜು ಎಲ್ಲ ಸೇರಿ 60 ವ್ಯಾಟ್. ಒಟ್ಟು 300 ವ್ಯಾಟ್. ನಮ್ಮ ಮಳೆಗಾಲದಲ್ಲಿ ಫ್ಯಾನ್ ಯಾರಿಗೂ ಬೇಡ. 1000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 300 ವ್ಯಾಟ್ 8 ಗಂಟೆ ಉರಿದರೆ 2.4 ಯೂನಿಟ್. ಕಚೇರಿಯ ಒಂದು ದಿನದ ಅವಶ್ಯಕತೆ ಇಷ್ಟೇ.

ಈ 2.4 ಯೂನಿಟ್ಟಿಗಾಗಿ 15 ಕೆ.ವಿ.ಎ. ಜನರೇಟರ್ ಓಡಿಸಿದರೆ ಏನಾಗುತ್ತದೆ? 15 ಕೆ.ವಿ.ಎ. ಎಂದರೆ ಸುಮಾರು 12,000 ವ್ಯಾಟ್ ಕೊಡಬಲ್ಲ ಯಂತ್ರ. ನಾವು ಅದರಿಂದ ಕೇಳುತ್ತಿರುವುದು 300. ಆನೆಯ ಮೇಲೆ ಒಂದು ಹಿಡಿ ಹುಲ್ಲು ಹೊರಿಸಿದ ಹಾಗೆ. ಆದರೆ ಆನೆಯ ಹೊಟ್ಟೆಗೆ ಮಾತ್ರ ಪೂರ್ತಿ ಮೇವು ಬೇಕು. ಅಂಥ ಎಂಜಿನ್ನು ಬರೀ ತಿರುಗುವುದಕ್ಕೇ ಗಂಟೆಗೆ ಸುಮಾರು ಒಂದು ಲೀಟರು ಡೀಸೆಲ್ ಕುಡಿಯುತ್ತದೆ. 8 ಗಂಟೆಗೆ 8 ಲೀಟರು. ಲೀಟರಿಗೆ 90 ರೂಪಾಯಿ ಹಿಡಿದರೆ 720 ರೂಪಾಯಿ. ಸಿಕ್ಕಿದ್ದು 2.4 ಯೂನಿಟ್. ಅಂದರೆ ಒಂದು ಯೂನಿಟ್ಟಿಗೆ 300 ರೂಪಾಯಿ ಬಿತ್ತು! ಇದು ಬೆಟ್ಟ ಅಗೆದು ಇಲಿ ಹಿಡಿದ ಲೆಕ್ಕ. ಇಷ್ಟೇ ಅಲ್ಲ, ಭಾರವಿಲ್ಲದೆ ಗಂಟೆಗಟ್ಟಲೆ ಓಡುವ ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ, ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡು ಸೋರುತ್ತದೆ. ಹೆಚ್ಚು ದುಡಿದು ಹಾಳಾದ ಎಂಜಿನ್ನುಗಳಿರುವ ಹಾಗೆ ಕೆಲಸ ಕಮ್ಮಿಯಾಗಿ ಹಾಳಾದವೂ ಇವೆ.

ಇದೇ 2.4 ಯೂನಿಟ್ಟನ್ನು ಬ್ಯಾಟರಿಯಲ್ಲಿ ಇಟ್ಟುಕೊಂಡರೆ, ತುಂಬುವಾಗ ತೆಗೆಯುವಾಗ ಆಗುವ ನಷ್ಟ ಸೇರಿಸಿ ಲೈನಿನಿಂದ ಹೆಚ್ಚೆಂದರೆ ಮೂರೂವರೆ ಯೂನಿಟ್ ಬೇಕು. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 28 ರೂಪಾಯಿ. 720 ಎಲ್ಲಿ, 28 ಎಲ್ಲಿ! ಬ್ಯಾಟರಿಯ ಬೆಲೆ ಪುಕ್ಕಟೆ ಅಲ್ಲ, ಅದು ನಿಜ. ಅದನ್ನು ಆಯುಷ್ಯದ ವರ್ಷಗಳಿಗೆ ಹಂಚಿ ಸೇರಿಸಬೇಕು. ಆದರೆ ಜನರೇಟರಿಗೂ ಬೆಲೆ ಇದೆ, ಆಯಿಲ್ ಬದಲಾವಣೆ ಇದೆ, ಮೆಕ್ಯಾನಿಕ್ಕಿನ ಬಾಬ್ತು ಇದೆ. ಹೇಗೆ ಲೆಕ್ಕ ಹಾಕಿದರೂ ದೀಪ, ಕಂಪ್ಯೂಟರು, ತೂಕದಂಥ ಸಣ್ಣ ಕೆಲಸಕ್ಕೆ ಬ್ಯಾಟರಿಯೇ ಸರಿ. ಈ ಮಟ್ಟಿಗೆ ನಮ್ಮ ಹುಡುಗರ ವಾದ ಗೆದ್ದಿತು.

ಈಗ ಇನ್ನೊಂದು ಕಡೆ ನೋಡೋಣ. ಕೊಯ್ಲಿನ ಕಾಲ. ಅರೇಬಿಕಾ ಹಣ್ಣು ಕೊಯ್ದ ದಿನವೇ ಪಲ್ಪರಿಗೆ ಹೋಗಬೇಕು. ರಾಶಿಯಲ್ಲಿ ಬಿಟ್ಟರೆ ಬಿಸಿಯೇರಿ ಹುಳಿ ಬರುತ್ತದೆ, ರುಚಿ ಕೆಡುತ್ತದೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಲ್ಲಿ ಶುರುವಾಯಿತು. ನಮ್ಮ ಪಕ್ಕದಲ್ಲೇ ಅಂಥ ಸಂಸ್ಥೆ ಇರುವ ನಮಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಸಂಜೆ ಆರಕ್ಕೆ ಹಣ್ಣು ಅಳೆದು ಮುಗಿಯುತ್ತದೆ, ಆಗ ಕರೆಂಟು ಇಲ್ಲ. 5 ಹೆಚ್.ಪಿ. ಪಲ್ಪರು, 3 ಹೆಚ್.ಪಿ. ನೀರಿನ ಪಂಪು, ಮೇಲೆ ದೀಪ. ಒಂದು ಹೆಚ್.ಪಿ. ಎಂದರೆ 746 ವ್ಯಾಟ್. ಮೋಟಾರಿನ ನಷ್ಟ ಸೇರಿ ಸುಮಾರು 7,000 ವ್ಯಾಟ್. ಐದು ಗಂಟೆ ಓಡಿದರೆ 35 ಯೂನಿಟ್.

ಇದನ್ನು ಬ್ಯಾಟರಿಯಲ್ಲಿ ಮಾಡಬೇಕಾದರೆ 5 ಯೂನಿಟ್ ಹಿಡಿಯುವ ಲಿಥಿಯಂ ಪೆಟ್ಟಿಗೆಗಳು ಎಂಟೊಂಬತ್ತು ಬೇಕು. ಸಾಲದ್ದಕ್ಕೆ ಮೋಟಾರು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಅದನ್ನು ತಡೆಯುವ ಮೂರು ಫೇಸಿನ ದೊಡ್ಡ ಇನ್ವರ್ಟರೂ ಬೇಕು. ಇಷ್ಟು ಬಂಡವಾಳ ಹಾಕಿದರೆ ಅದು ಕೆಲಸ ಮಾಡುವುದು ವರ್ಷದಲ್ಲಿ ಎಷ್ಟು ಸಂಜೆ? ಕೊಯ್ಲಿನಲ್ಲಿ ಕರೆಂಟು ಕೈಕೊಟ್ಟ ಕೆಲವೇ ಸಂಜೆ. ಉಳಿದ ದಿನವೆಲ್ಲ ಆ ದುಡ್ಡು ಗೋಡೆಗೆ ಒರಗಿ ಕೂತಿರುತ್ತದೆ. ಅದೇ 15 ಕೆ.ವಿ.ಎ. ಜನರೇಟರಿಗೆ ಈ 7,000 ವ್ಯಾಟ್ ಹದವಾದ ಭಾರ. ಹೀಗೆ ಹದವಾಗಿ ಓಡುವಾಗ ಅದು ಲೀಟರಿಗೆ ಮೂರು ಯೂನಿಟ್ಟಿನಷ್ಟು ಕೊಡುತ್ತದೆ. 35 ಯೂನಿಟ್ಟಿಗೆ 12 ಲೀಟರು, 1,080 ರೂಪಾಯಿ. ಯೂನಿಟ್ಟಿಗೆ 31 ರೂಪಾಯಿ. ಲೈನಿನ ಕರೆಂಟಿಗಿಂತ ದುಬಾರಿ, ಒಪ್ಪುತ್ತೇನೆ. ಆದರೆ ಪಾರ್ಚ್‌ಮೆಂಟಾಗಬೇಕಾದ ಹಣ್ಣು ಕೆಟ್ಟು ಚೆರ್ರಿಯಾದರೆ ಆಗುವ ನಷ್ಟದ ಮುಂದೆ ಅದು ಏನೂ ಅಲ್ಲ. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಕುವಾಗಲೂ ಇದೇ ಮಾತು. ದೊಡ್ಡ ಮೋಟಾರು, ಕೆಲವೇ ದಿನ, ತುಂಬಾ ಹೊತ್ತು ಇದ್ದಲ್ಲಿ ಎಂಜಿನ್ನೇ ಸರಿ. ಈ ಮಟ್ಟಿಗೆ ಹಿರಿಯರ ವಾದ ಗೆದ್ದಿತು.

ಹಾಗಾದರೆ ಜಗಳ ಎಲ್ಲಿ ಉಳಿಯಿತು? "ಬ್ಯಾಟರಿಯೋ ಜನರೇಟರೋ" ಎಂದು ಕೇಳುವ ಬದಲು "ಯಾವ ಕೆಲಸಕ್ಕೆ, ಎಷ್ಟು ಹೊತ್ತಿಗೆ, ವರ್ಷದಲ್ಲಿ ಎಷ್ಟು ದಿನ" ಎಂದು ಕೇಳಿದರೆ ಉತ್ತರ ತಾನಾಗಿಯೇ ಬರುತ್ತದೆ. ಹುಲ್ಲು ಕೊಯ್ಯಲು ಕುಡುಗೋಲು, ಮರ ಕಡಿಯಲು ಕೊಡಲಿ. ಎರಡೂ ಕಬ್ಬಿಣವೇ ಎಂದು ಒಂದರ ಕೆಲಸ ಇನ್ನೊಂದಕ್ಕೆ ಹಚ್ಚುವುದಿಲ್ಲ.

ಬ್ಯಾಟರಿಯಲ್ಲೂ ಎರಡು ಜಾತಿ ಇವೆ. ಅದನ್ನು ತಿಳಿದುಕೊಳ್ಳಬೇಕು. ಸೀಸದ ಬ್ಯಾಟರಿ 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬುವರು ಕಂಡುಹಿಡಿದದ್ದು. ನಮ್ಮ ಜೀಪು, ಟ್ರ್ಯಾಕ್ಟರು, ಮನೆಯ ಇನ್ವರ್ಟರು ಎಲ್ಲದರಲ್ಲೂ ಇರುವುದು ಅದೇ. ಲಿಥಿಯಂ ಬ್ಯಾಟರಿಗೆ ದಾರಿ ಹಾಕಿಕೊಟ್ಟ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂತು. ಅದರಲ್ಲಿ ಕಬ್ಬಿಣ ಮತ್ತು ಫಾಸ್ಫೇಟ್ ಸೇರಿದ ಬಗೆ ಮನೆ, ಕಚೇರಿಗೆ ಹೆಚ್ಚು ಒಗ್ಗುವಂಥದ್ದು. ಬೇರೆ ಬಗೆಯ ಲಿಥಿಯಂಗಿಂತ ಅದಕ್ಕೆ ಬೆಂಕಿಯ ಭಯ ಕಡಿಮೆ.

ಸೀಸದ ಬ್ಯಾಟರಿ ಅಗ್ಗ. ಕೆಟ್ಟರೆ ಪೇಟೆಯಲ್ಲಿ ನೋಡುವವರು ಇದ್ದಾರೆ, ಹಳೆಯದಕ್ಕೆ ಬೆಲೆ ಸಿಗುತ್ತದೆ. ಆದರೆ ಅದರಲ್ಲಿ ಇರುವುದನ್ನೆಲ್ಲ ಖಾಲಿ ಮಾಡುವಂತಿಲ್ಲ. ಬಾಳಿಕೆ ಬರಬೇಕಾದರೆ ಅರ್ಧಕ್ಕೆ ನಿಲ್ಲಿಸಬೇಕು. 12 ವೋಲ್ಟಿನ 150 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ ಇರುವುದು 1.8 ಯೂನಿಟ್, ಧೈರ್ಯವಾಗಿ ಬಳಸಬಹುದಾದದ್ದು 0.9. ನಮ್ಮ ಕಚೇರಿಯ ಒಂದು ದಿನಕ್ಕೆ ಅಂಥವು ನಾಲ್ಕು ಬೇಕು. ತುಂಬಲು ಹತ್ತು ಗಂಟೆಯ ಮೇಲೆ ಬೇಕು, ಅವಸರ ಮಾಡಿದರೆ ಕೆಡುತ್ತದೆ. ಅರೆಹೊಟ್ಟೆಯಲ್ಲಿ ದಿನಗಟ್ಟಲೆ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಕಟ್ಟಿ ಶಕ್ತಿ ಕುಂದುತ್ತದೆ. ಲಿಥಿಯಂ ಬೆಲೆ ಹೆಚ್ಚು. ಆದರೆ ನೂರರಲ್ಲಿ ಎಂಬತ್ತು ತೊಂಬತ್ತು ಪಾಲು ಬಳಸಬಹುದು, ಸಾವಿರಾರು ಸಲ ತುಂಬಿ ತೆಗೆಯಬಹುದು, ನೀರು ಹಾಕುವ ಕೆಲಸ ಇಲ್ಲ, ಎರಡು ಮೂರು ಗಂಟೆಯಲ್ಲಿ ತುಂಬುತ್ತದೆ. ಅರ್ಧ ಗಂಟೆ ಒಂದು ಗಂಟೆ ಕರೆಂಟು ಹೋಗುವ ಮನೆಗೆ ಸೀಸದ್ದೇ ಸಾಕು, ಸುಮ್ಮನೆ ದುಡ್ಡು ಸುರಿಯಬೇಡಿ. ಆದರೆ ಸಂಘದ ಮಳೆಗಾಲದ ಕೆಲಸಕ್ಕೆ, ಬೇಗ ತುಂಬುವ ಈ ಗುಣವೇ ಮುಖ್ಯ. ಯಾಕೆ ಎಂದು ಹೇಳುತ್ತೇನೆ.

ಆಶ್ಲೇಷ ಮಳೆ ಹಿಡಿದಿದೆ, ಲೈನು ಬಿದ್ದಿದೆ, ರಸ್ತೆ ಮುಚ್ಚಿದೆ ಎಂದುಕೊಳ್ಳಿ. ಕಚೇರಿಯಲ್ಲಿ ಇರುವುದು 20 ಲೀಟರಿನ ಒಂದು ಕ್ಯಾನು ಎಣ್ಣೆ. ದೊಡ್ಡ ಜನರೇಟರಿಗೆ ಹಾಕಿದರೆ, ಕಚೇರಿಯ ದೀಪ ಕಂಪ್ಯೂಟರಿಗಾಗಿ ಅದು 20 ಗಂಟೆ ಓಡುತ್ತದೆ. ದಿನಕ್ಕೆ 8 ಗಂಟೆಯಂತೆ ಎರಡೂವರೆ ದಿನ. ಅದರ ಬದಲು 5 ಯೂನಿಟ್ಟಿನ ಒಂದು ಲಿಥಿಯಂ ಬ್ಯಾಟರಿ ಮತ್ತು ಒಬ್ಬರೇ ಎಳೆದುಕೊಂಡು ಹೋಗಬಹುದಾದ 3 ಕೆ.ವಿ.ಎ. ಪುಟ್ಟ ಜನರೇಟರ್ ಇದ್ದರೆ? ಪುಟ್ಟ ಜನರೇಟರನ್ನು ಎರಡೂವರೆ ಗಂಟೆ ಹದವಾದ ಭಾರದಲ್ಲಿ ಓಡಿಸಿ ಬ್ಯಾಟರಿ ತುಂಬುವುದು, ಆಮೇಲೆ ಅದನ್ನು ನಿಲ್ಲಿಸುವುದು. ಒಂದು ಸಲ ತುಂಬಲು ಮೂರು, ಮೂರೂವರೆ ಲೀಟರು. ಅದರಿಂದ ಬಳಕೆಗೆ ಸಿಗುವುದು 4 ಯೂನಿಟ್. 20 ಲೀಟರಿನಲ್ಲಿ ಐದು ಸಲ ತುಂಬಿದರೂ 20 ಯೂನಿಟ್. ಕಚೇರಿ ಎಂಟು ದಿನ ನಡೆಯುತ್ತದೆ. ಅದೇ ಕ್ಯಾನು, ಒಂದು ಕಡೆ ಎರಡೂವರೆ ದಿನ, ಇನ್ನೊಂದು ಕಡೆ ಎಂಟು ದಿನ! ಸೀಸದ ಬ್ಯಾಟರಿಯಾದರೆ ತುಂಬಲು ಜನರೇಟರು ಹತ್ತು ಗಂಟೆ ಸಣ್ಣಗೆ ಗುರುಗುಡುತ್ತಾ ಕೂರಬೇಕು, ಎಣ್ಣೆಯ ಉಳಿತಾಯವೆಲ್ಲ ಅಲ್ಲೇ ಹೋಗುತ್ತದೆ. ನಾನು ಇಷ್ಟೆಲ್ಲ ಹೇಳಿದ್ದರ ಸಾರ ಈ ಒಂದು ಲೆಕ್ಕದಲ್ಲಿದೆ. ದಯವಿಟ್ಟು ಇದನ್ನು ನೆನಪಿಡಿ.

"ಹಾಗಾದರೆ ಸೋಲಾರ್ ಹಾಕಿಸಿದರೆ ಎಣ್ಣೆಯೇ ಬೇಡವಲ್ಲ?" ಎಂದು ಕೇಳುವವರಿದ್ದಾರೆ. ನಮ್ಮ ರಾಜ್ಯದಲ್ಲಿ ಹಳ್ಳಿಗಳಿಗೆ ಸೋಲಾರ್ ದೀಪ ಮುಟ್ಟಿಸಿದ ಸೆಲ್ಕೋ ಸಂಸ್ಥೆ ಶುರುವಾದದ್ದು 1995ರಲ್ಲಿ. ಅದರ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೋಲಾರ್ ಒಳ್ಳೆಯದೇ, ಅಕ್ಟೋಬರಿನಿಂದ ಮೇ ತನಕ ನಮ್ಮಲ್ಲೂ ಚೆನ್ನಾಗಿ ನಡೆಯುತ್ತದೆ. ಆದರೆ ಎರಡು ಮಾತು ತಿಳಿದಿರಲಿ. ಒಂದು, ನಮಗೆ ಅತಿ ಅಗತ್ಯವಾದ ಜುಲೈ ಆಗಸ್ಟಿನಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ಎರಡು, ಮನೆಗಳಿಗೆ ಸಹಾಯಧನ ಕೊಡುವ ಪಿ.ಎಂ. ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. ಅದರಲ್ಲಿ ಸಾಮಾನ್ಯವಾಗಿ ಹಾಕುವುದು ಲೈನಿಗೆ ಜೋಡಿಸುವ ಸೋಲಾರ್. ಬ್ಯಾಟರಿ ಇಲ್ಲದ ಅಂಥ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಂತುಹೋಗುತ್ತದೆ. ಅದು ದೋಷವಲ್ಲ, ಲೈನ್‌ಮನ್ನಿನ ಪ್ರಾಣ ಉಳಿಸಲು ಬೇಕೆಂದೇ ಹಾಗೆ ಮಾಡಿರುತ್ತಾರೆ. ಬಿಲ್ಲು ಇಳಿಯಬಹುದು, ಕತ್ತಲೆ ಹೋಗುವುದಿಲ್ಲ. ಹಾಕಿಸುವ ಮೊದಲು ಇದನ್ನು ಬಾಯಿಬಿಟ್ಟು ಕೇಳಿ.

ಸೂರ್ಯ ಇಲ್ಲದ ಕಾಲದಲ್ಲಿ ನಮ್ಮಲ್ಲಿ ಇರುವುದು ನೀರು. ಪಶ್ಚಿಮ ಘಟ್ಟದ ಹಲವು ಮನೆಗಳಲ್ಲಿ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ಪುಟ್ಟ ಟರ್ಬೈನ್ ತಿರುಗಿಸಿ ಕರೆಂಟು ಮಾಡಿಕೊಂಡಿದ್ದಾರೆ. ಸೆಕೆಂಡಿಗೆ 5 ಲೀಟರು ನೀರು 20 ಮೀಟರು ಇಳಿಜಾರಿನಲ್ಲಿ ಬಂದರೆ, ಅರ್ಧ ನಷ್ಟವಾದರೂ ಸುಮಾರು 500 ವ್ಯಾಟ್ ಸಿಗುತ್ತದೆ. ಕಮ್ಮಿ ಎನಿಸಬಹುದು. ಆದರೆ ಹಳ್ಳ ರಾತ್ರಿಯೂ ನಿಲ್ಲುವುದಿಲ್ಲ. 24 ಗಂಟೆಗೆ 12 ಯೂನಿಟ್. ಲೈನು ಬೀಳುವ ಕಾಲದಲ್ಲೇ ಹಳ್ಳವೂ ತುಂಬಿರುತ್ತದೆ. ಮನೆ ಪಕ್ಕದಲ್ಲಿ ಇಳಿಜಾರಿನ ಹಳ್ಳ ಇರುವ ಸದಸ್ಯರು ಇದನ್ನು ಖಂಡಿತ ಯೋಚಿಸಬೇಕು. ಎಲ್ಲರಿಗೂ ಆ ಅನುಕೂಲ ಇಲ್ಲ. ನಮ್ಮ ಸಂಘದ ಕಟ್ಟಡದ ಹತ್ತಿರವೂ ಇಲ್ಲ. ಆದ್ದರಿಂದ ಕಚೇರಿಗೆ ಬ್ಯಾಟರಿ ಮತ್ತು ಪುಟ್ಟ ಎಂಜಿನ್ನಿನ ಜೋಡಿಯೇ ಗತಿ.

ಈಗ ಲೈನ್‌ಮನ್ನಿನ ವಿಷಯ. ಇದು ದುಡ್ಡಿನ ಲೆಕ್ಕವಲ್ಲ, ಜೀವದ ಲೆಕ್ಕ. ಜನರೇಟರನ್ನು ಮನೆಯ ವೈರಿಂಗಿಗೆ ಕೊಡುವಾಗ ನಡುವೆ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಅದಿಲ್ಲದೆ ಪ್ಲಗ್ಗಿಗೆ ಚುಚ್ಚಿ ಓಡಿಸಿದರೆ ನಿಮ್ಮ ಕರೆಂಟು ಮನೆಯಿಂದ ಹೊರಗೆ ಹರಿದು ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. 11,000 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಹಿಂದಿನಿಂದ ಕೊಟ್ಟರೆ ಏರಿಸಿಬಿಡುತ್ತದೆ. ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಹುಡುಗನ ಕೈಗೆ ಅದು ಸಿಗುತ್ತದೆ. ನಮಗೆ ಬೆಳಕು ತರಲು ಬಂದವನನ್ನು ನಾವೇ ಕೊಂದ ಹಾಗಾಗುತ್ತದೆ. ಇನ್ವರ್ಟರನ್ನೂ ತಿಳಿದವರಿಂದಲೇ ಜೋಡಿಸಿ. ಮಳೆಗಾಲಕ್ಕೆ ಮೊದಲು ಮರಗಸಿ ಮಾಡುವಾಗ ಲೈನಿನ ಕಡೆ ಬಾಗಿದ ಕೊಂಬೆಗಳನ್ನು, ಲೈನ್ ಆಫ್ ಮಾಡಿಸಿಕೊಂಡೇ, ಸವರಿಬಿಡಿ. ಕರೆಂಟು ಹೋಗದ ಹಾಗೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಎರಡನೆಯದು ಹೊಗೆ. ಮಳೆ ಹೊಡೆಯುತ್ತದೆ ಎಂದು ಜನರೇಟರನ್ನು ಜಗಲಿಗೆ, ಕೊಟ್ಟಿಗೆಗೆ, ಅಡುಗೆಮನೆ ಪಕ್ಕಕ್ಕೆ ತಂದು ಬಾಗಿಲು ಹಾಕಿಕೊಳ್ಳುವವರಿದ್ದಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಹೊರಗೆ ಬೇರೆ ಸೂರು ಕಟ್ಟಿ, ಮನೆಯ ಕಿಟಕಿಗಳಿಂದ ದೂರವಿಡಿ. ಸೀಸದ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಅನಿಲ ಬರುತ್ತದೆ. ಅದನ್ನೂ ದೇವರ ಕೋಣೆಯ ದೀಪದ ಹತ್ತಿರ ಇಡಬೇಡಿ. ಸವೆದ ಬ್ಯಾಟರಿಯನ್ನು ತೋಟದ ಮೂಲೆಗೆ ಎಸೆದರೆ ಸೀಸ ಮಣ್ಣಿಗೆ, ಮಣ್ಣಿನಿಂದ ಬಾವಿಗೆ ಇಳಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ವಾಪಸ್ಸು ಸಂಗ್ರಹಿಸುವ ಹೊಣೆ ತಯಾರಕರದು. ಕೊಂಡ ಅಂಗಡಿಗೇ ಹಿಂತಿರುಗಿಸಿ, ರಶೀದಿ ತೆಗೆದುಕೊಳ್ಳಿ.

ಸಾಮಾನ್ಯ ಸಭೆಯ ಮುಂದೆ ನನ್ನ ಸಲಹೆ ಮೂರು.

ಮೊದಲನೆಯದು, ಹೊಸ ದೊಡ್ಡ ಜನರೇಟರಿಗೆ ದುಡ್ಡು ಹಾಕುವುದು ಬೇಡ. ಕಚೇರಿಗೆ 5 ಯೂನಿಟ್ಟಿನ ಲಿಥಿಯಂ ಬ್ಯಾಟರಿ, ಅದಕ್ಕೆ ತಕ್ಕ ಇನ್ವರ್ಟರ್, ಜೊತೆಗೆ 3 ಕೆ.ವಿ.ಎ. ಪುಟ್ಟ ಜನರೇಟರ್ ತರೋಣ. ಮೂರು ಕಡೆ ದರ ತರಿಸಿ, ವಾರಂಟಿ ಕಾಗದದಲ್ಲಿ ಇರುವುದನ್ನು ಓದಿ, ಕೆಟ್ಟರೆ ಚಿಕ್ಕಮಗಳೂರಿನಲ್ಲಿ ಅಥವಾ ಮೂಡಿಗೆರೆಯಲ್ಲಿ ರಿಪೇರಿ ಮಾಡುವವರು ಇದ್ದಾರೆಯೇ ಎಂದು ವಿಚಾರಿಸಿ ತರಬೇಕು.

ಎರಡನೆಯದು, ಹಳೆಯ 15 ಕೆ.ವಿ.ಎ.ಯನ್ನು ಗುಜರಿಗೆ ಹಾಕದೆ ದುರಸ್ತಿ ಮಾಡಿಸಿ, ಗಾಡಿಯ ಮೇಲೆ ಕೂರಿಸಿ, ಕೊಯ್ಲಿನ ಕಾಲದಲ್ಲಿ ಸದಸ್ಯರ ಪಲ್ಪರುಗಳಿಗೆ ಬಾಡಿಗೆಗೆ ಕೊಡೋಣ. ವರ್ಷದಲ್ಲಿ ಹತ್ತು ಸಂಜೆಯ ಕೆಲಸಕ್ಕೆ ಮನೆಗೊಂದು ಜನರೇಟರ್ ಕೊಳ್ಳುವುದು ದುಂದು. "ಎಲ್ಲರಿಗೂ ಒಂದೇ ಸಂಜೆ ಕರೆಂಟು ಹೋದರೆ ಯಾರಿಗೆ ಕೊಡುತ್ತೀರಿ?" ಎಂಬ ಪ್ರಶ್ನೆ ನ್ಯಾಯವಾದದ್ದು. ಎಲ್ಲರಿಗೂ ಆಗುವುದಿಲ್ಲ. ಪಾಳಿ ಬೇಕಾಗುತ್ತದೆ. ಸಣ್ಣ ಹಿಡುವಳಿದಾರರಿಗೆ ಮೊದಲು ಎಂದು ಈಗಲೇ ಬರೆದಿಡಬೇಕು. ದೊಡ್ಡ ತೋಟದವರಿಗೆ ಸ್ವಂತ ವ್ಯವಸ್ಥೆ ಇರುತ್ತದೆ. ಬಾಡಿಗೆಯ ಲೆಕ್ಕ ಪ್ರತ್ಯೇಕ ಖಾತೆಯಲ್ಲಿರಲಿ, ಓಡಿದ ಗಂಟೆ ಬರೆಯುವ ಪುಸ್ತಕ ಯಂತ್ರದ ಜೊತೆಯಲ್ಲೇ ಇರಲಿ.

ಮೂರನೆಯದು, ನನ್ನ ಮಟ್ಟಿಗೆ ಇದೇ ದೊಡ್ಡದು. ಜೂನ್ ಒಂದರ ಒಳಗೆ ಸಂಘ ಒಂದು ಪಟ್ಟಿ ಮಾಡಬೇಕು. ನಮ್ಮ ವ್ಯಾಪ್ತಿಯಲ್ಲಿ ಯಾರ ಮನೆಯಲ್ಲಿ ಕರೆಂಟಿಲ್ಲದೆ ನಡೆಯದ ರೋಗಿ ಇದ್ದಾರೆ? ಉಸಿರಾಟದ ತೊಂದರೆ ಇರುವವರ ಆಕ್ಸಿಜನ್ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. ಹಗಲು ರಾತ್ರಿ ಓಡಿದರೆ ದಿನಕ್ಕೆ 8.4 ಯೂನಿಟ್. ಇಡೀ ಕಚೇರಿಗಿಂತ ಮೂರೂವರೆ ಪಟ್ಟು! ಮನೆಯ ಸಾಮಾನ್ಯ ಇನ್ವರ್ಟರಿನಲ್ಲಿ ಅದು ಎರಡು ಮೂರು ಗಂಟೆ ನಡೆದರೆ ಹೆಚ್ಚು. ಸಂಘದ ಬ್ಯಾಟರಿಯನ್ನೂ ದಿನಕ್ಕೆ ಎರಡು ಸಲ ತುಂಬಬೇಕು. ಅಂಥ ಮನೆಗೆ ಸಿಲಿಂಡರು ಮೊದಲೇ ತಂದಿಡಬೇಕು, ಮಳೆ ಜೋರಾಗುವ ಸೂಚನೆ ಬಂದರೆ ರೋಗಿಯನ್ನು ಸೇತುವೆ ಮುಳುಗುವ ಮೊದಲೇ ಈಚೆಗೆ ಕರೆತರಬೇಕು. ಯಂತ್ರ ಕೊಂಡ ಮೇಲೆ ಆ ಮನೆ ಯಾವುದು ಎಂದು ಹುಡುಕಲು ಹೊರಟರೆ, ಮಳೆ ಬಂದ ಮೇಲೆ ಸೂರು ಹೊದೆಸಲು ಹೋದ ಹಾಗೆ. ಪಟ್ಟಿ ಮಾಡಲು ಒಂದು ಪುಸ್ತಕ, ಒಂದು ಪೆನ್ನು ಸಾಕು. ದುಡ್ಡೂ ಬೇಡ.

ಇದೆಲ್ಲ ಒಂದು ಹಳ್ಳಿ ಸಂಘದ ಕೈಯಲ್ಲಿ ಆಗುವ ಕೆಲಸವೇ ಎಂದು ಅನುಮಾನ ಬೇಡ. ಭಾರತದ ಮೊದಲ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮದೇ ಗದಗದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿ, ಸದಸ್ಯರ ಸಂಘವೇ ಮನೆಮನೆಗೆ ವಿದ್ಯುತ್ ಹಂಚಿತು. ದೂರದ ಒಂದು ಉದಾಹರಣೆಯನ್ನೂ ಕೊಡುತ್ತೇನೆ. ಅಮೆರಿಕಕ್ಕೆ ಸೇರಿದ ಪೋರ್ಟೊರಿಕೋ ದ್ವೀಪದ ಗುಡ್ಡಗಳಲ್ಲಿ ಅಡ್ಜುಂಟಾಸ್ ಎಂಬ ಊರಿದೆ. ಅದೂ ನಮ್ಮ ಹಾಗೆ ಕಾಫಿ ಊರು. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಎಂಬ ಚಂಡಮಾರುತ ಹೊಡೆದಾಗ ಇಡೀ ದ್ವೀಪದ ವಿದ್ಯುತ್ ಹೋಯಿತು, ಕೊನೆಯ ಮನೆಗಳಿಗೆ ಬರಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಆ ಊರಿನ ಕಾಸಾ ಪ್ಯೂಬ್ಲೋ ಎಂಬ ಜನರ ಸಂಸ್ಥೆಯಲ್ಲಿ ಸೋಲಾರ್ ಮತ್ತು ಬ್ಯಾಟರಿ ಇತ್ತು. ಫೋನಿಗೆ, ಔಷಧಿಯ ಯಂತ್ರಕ್ಕೆ ಕರೆಂಟು ಬೇಕಾದವರೆಲ್ಲ ಅಲ್ಲಿಗೆ ಬಂದರು. 2023ರಲ್ಲಿ ಅದೇ ಊರಿನ ಅಂಗಡಿಯವರು ಸೇರಿ ಪೇಟೆಗೇ ಸೋಲಾರ್ ಮತ್ತು ದೊಡ್ಡ ಬ್ಯಾಟರಿಗಳ ಸ್ವಂತ ಜಾಲ ಮಾಡಿಕೊಂಡರು. ಅಲ್ಲಿ ಮಳೆಗಾಲದಲ್ಲೂ ಬಿಸಿಲು ಬರುತ್ತದೆ, ನಮ್ಮಲ್ಲಿ ಬರುವುದಿಲ್ಲ. ಆದ್ದರಿಂದ ಅವರ ಯಂತ್ರವನ್ನು ಹಾಗೇ ತರಲಾಗದು. ತರಬೇಕಾದದ್ದು ಕಷ್ಟದ ದಿನ ಊರವರು ಬಂದು ನಿಲ್ಲುವ ಒಂದು ಜಾಗ ಬೇಕು ಎಂಬ ಬುದ್ಧಿಯನ್ನು. ನಮ್ಮ ಊರಿನಲ್ಲಿ ಆ ಜಾಗ ಈ ಸಂಘದ ಕಟ್ಟಡವೇ ಆಗಬೇಕು.

ಬೀಜ, ಗೊಬ್ಬರ, ಸಾಲ, ಅಕ್ಕಿ ಕೊಟ್ಟ ಸಂಘ ಮುಂದಿನ ವರ್ಷಗಳಲ್ಲಿ ಮಳೆಗಾಲದ ರಾತ್ರಿ ಒಂದು ದೀಪವನ್ನೂ, ಒಂದು ಫೋನು ಚಾರ್ಜನ್ನೂ, ಒಬ್ಬ ರೋಗಿಗೆ ಉಸಿರನ್ನೂ ಕೊಡುವಂತಾಗಲಿ. ಸಾಮಾನ್ಯ ಸಭೆಗೆ ಎಲ್ಲರೂ ಬನ್ನಿ. ನಾನು ಹೇಳಿದ ಲೆಕ್ಕವನ್ನು ಮನೆಯಲ್ಲಿ ಮಕ್ಕಳ ಹತ್ತಿರ ಇನ್ನೊಮ್ಮೆ ಹಾಕಿಸಿ ನೋಡಿ, ಒಪ್ಪಿಗೆಯಾದರೆ ಕೈ ಎತ್ತಿ, ಇಲ್ಲವಾದರೆ ಎದ್ದು ನಿಂತು ಕೇಳಿ. ಅದೇ ಸಹಕಾರದ ರೀತಿ.